ಹಳೆಯ ತಂಬೂರಿಯೋ, ಹೊಸ ತಂಬೂರಿಯೋ?

ಅಕ್ಕಿ ಹಳೆಯದಾದಷ್ಟೂ ಅನ್ನ ಉದುರುದುರಾಗುವುದೆಂಬುದನ್ನು ನಮ್ಮ ಗೃಹಿಣಿಯರು ಬಲ್ಲರು. ಎಣ್ಣೆ ಹಳೆಯದಾದರೆ ಕಮಟು ಹಿಡಿಯುವುದೆಂಬುದನ್ನೂ ಅವರೇ ಬಲ್ಲರು. ಆದುದರಿಂದ ‘ಹಳೆಯದೇ ಒಳ್ಳೆಯದು’ ಎಂಬ ಮಾತು ಅಕ್ಕಿಯ ಮಟ್ಟಿಗೆ ನಿಜ, ಎಣ್ಣೆಯ ಮಟ್ಟಿಗೆ ಸುಳ್ಳು. ಹಾಗಾದರೆ ಸಂಗೀತ ವಾದ್ಯಗಳು ಅಕ್ಕಿಯ ಜಾತಿಗೆ ಸೇರಿದವೋ, ಎಣ್ಣೆಯ ಜಾತಿಗೆ ಸೇರಿದವೋ? ಈ ಪ್ರಶ್ನೆಯನ್ನು ನಾಲ್ವರು ಸಂಗೀತಗಾರರ ನಡುವೆ ಎತ್ತಿ ನೋಡಿರಿ. ಅಂದಿನ ಕಾಫಿ ಆರಿ ತಣ್ಣಗಾಗುವವರೆಗೂ ವಾದ ಮುಗಿಯುವುದಿಲ್ಲ. ಹಳೆಯದು ಎಂಬ ಒಂದೇ ಕಾರಣಕ್ಕೆ ಕಾವ್ಯವು ಒಳ್ಳೆಯದಾಗುವುದೇ ಎಂಬ ವಿವಾದವನ್ನು ಕಾಳಿದಾಸನು ‘ಮಾಳವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿಯೇ ಎತ್ತಿದ್ದಾನೆ. ಕಾವ್ಯಕ್ಕೆ ಸಲ್ಲುವ ವಿವಾದವು ವಾದ್ಯಕ್ಕೂ ಸಲ್ಲಬೇಕಷ್ಟೆ.

ವೀಣೆ, ಸಿತಾರು, ಪಿಟೀಲುಗಳ ಮಾತು ದೊಡ್ಡದು. ಇಲ್ಲಿ ಎತ್ತಿಕೊಂಡಿರುವುದು ಎಲ್ಲಕ್ಕಿಂತ ಸರಳವೆಂದು ತೋರುವ ತಂಬೂರಿಯನ್ನು. ಅದಕ್ಕೆ ಮೆಟ್ಟಿಲುಗಳಿಲ್ಲ, ರಾಗವಿಲ್ಲ, ಗತ್ತಿಲ್ಲ. ನಾಲ್ಕು ತಂತಿಗಳನ್ನು ಒಂದಾದ ಮೇಲೊಂದರಂತೆ ಮೀಟುತ್ತ ಹೋಗುವುದಷ್ಟೇ ಅದರ ಕೆಲಸ. ಆದರೂ ಗವಾಯಿಗಳು ಕಚೇರಿಗೆ ಮೊದಲು ಅರ್ಧ ಗಂಟೆಯನ್ನು ಅದರ ಬಿರಡೆ ತಿರುಗಿಸುವುದರಲ್ಲಿಯೇ ಕಳೆಯುತ್ತಾರೆ. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ತಂಬೂರಿಯನ್ನು ಶ್ರುತಿಗೂಡಿಸುವುದರಲ್ಲಿ ತೋರುತ್ತಿದ್ದ ನಿಷ್ಠೆ ರಸಿಕರಲ್ಲಿ ಇಂದಿಗೂ ಮನೆಮಾತಾಗಿದೆ. ಸರಳವಾದುದಕ್ಕೆ ಇಷ್ಟು ಶ್ರಮವೇಕೆಂಬುದನ್ನು ತಿಳಿದರೆ ಹಳೆಯದು-ಹೊಸದು ಎಂಬ ಜಗಳವೂ ಅರ್ಧ ಬಗೆಹರಿದಂತೆ.

ಎಡೆದೊರೆ ನಾಡಿನ ತಂಬೂರಿ

ಕೃಷ್ಣೆ ತುಂಗಭದ್ರೆಯರ ನಡುವಣ ಎಡೆದೊರೆ ನಾಡಿಗೂ ತಂಬೂರಿಗೂ ಇರುವ ನಂಟು ಬಹಳ ಹಿಂದಿನದು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಗೋಪಾಲದಾಸರು, ಬ್ಯಾಗವಾಟದಲ್ಲಿ ‘ಹರಿಕಥಾಮೃತಸಾರ’ದ ಕರ್ತೃಗಳಾದ ಜಗನ್ನಾಥದಾಸರು ಜನಿಸಿದರು. ಹದಿನೇಳನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತರ ಆರಂಭದವರೆಗೆ ದಾಸಸಾಹಿತ್ಯವು ಇಲ್ಲಿಯ ಕರಿಮಣ್ಣಿನಲ್ಲಿ ಮತ್ತೊಮ್ಮೆ ಫಲಿಸಿತು. ದಾಸರ ಹೆಗಲ ಮೇಲೆ ತಂಬೂರಿ, ಕಾಲಲ್ಲಿ ಗೆಜ್ಜೆ, ಕೈಯಲ್ಲಿ ಚಿಪ್ಪಳಿಗೆ. ಅತ್ತ ತತ್ತ್ವಪದಕಾರರ ಕೈಯಲ್ಲಿ ಏಕತಾರಿ. ಶಿಶುನಾಳದ ಶರೀಫರು ದೇಹವನ್ನೇ ತಂಬೂರಿಯಾಗಿ ಕಂಡು ಹಾಡಿದುದನ್ನು ಕನ್ನಡಿಗರೆಲ್ಲರೂ ಬಲ್ಲರು. ನಮ್ಮ ಕಾಲಕ್ಕೆ ಬಂದರೆ, ರಾಯಚೂರಿನ ಸಿದ್ಧರಾಮ ಜಂಬಲದಿನ್ನಿಯವರು ವಚನ ಮತ್ತು ದಾಸರ ಪದಗಳನ್ನು ಹಿಂದುಸ್ತಾನಿ ಗಾಯನಕ್ಕೆ ಒಗ್ಗಿಸಿ ಹಾಡಿ ಈ ಸೀಮೆಯ ಹೆಸರನ್ನು ನಾಡಿನಲ್ಲೆಲ್ಲ ಹರಡಿದರು.

ಇಂಥ ಸೀಮೆಯ ಹಿರೇಕೊಟ್ನೆಕಲ್ಲಿನಲ್ಲಿ ಒಂದು ಭಜನಾ ಮಂಡಳಿಗೆ ಇತ್ತೀಚೆಗೆ ಒಂದು ಸಮಸ್ಯೆ ಎದುರಾಯಿತು. ಮಂಡಳಿಯ ತಂಬೂರಿ ಅಜ್ಜಂದಿರ ಕಾಲದ್ದು. ಬುರುಡೆಯಲ್ಲಿ ಕೂದಲೆಳೆಯಷ್ಟು ಬಿರುಕು; ಬಿರಡೆಗಳು ನಿಲ್ಲವು; ನಾದ ಮಂಕು. ಅದನ್ನು ಶ್ರುತಿ ಮಾಡಬಲ್ಲವರು ಊರಿನಲ್ಲಿ ಒಬ್ಬರೇ ವೃದ್ಧರು. ಅವರ ಬೆರಳುಗಳೂ ಈಗ ನಡುಗುತ್ತವೆ. ಮಂಡಳಿಯವರು ಪಟ್ಟಿ ಎತ್ತಿ ಸ್ವಲ್ಪ ಹಣ ಕೂಡಿಸಿದ್ದರು. ಆ ಹಣದಲ್ಲಿ ಹಳೆಯದನ್ನು ರಿಪೇರಿ ಮಾಡಿಸುವುದೋ, ಗುಂಡಿ ಒತ್ತಿದರೆ ತಾನೇ ನುಡಿಯುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಕೊಳ್ಳುವುದೋ? ತರುಣರೆಲ್ಲ ಪೆಟ್ಟಿಗೆಯ ಪಕ್ಷ. ಕನ್ನಡ ಪಾಠ ಹೇಳುವವನಾದರೂ ಹಾಡಿಕೆಯ ಗೀಳಿರುವ ನನ್ನ ಅಭಿಪ್ರಾಯವನ್ನೂ ಅವರು ಕೇಳಿದರು. ಹಳೆಯದನ್ನು ಅಟ್ಟಕ್ಕೇರಿಸಿದರೆ ಮತ್ತೆ ಅದು ಇಳಿದು ಬರಲಾರದೆಂಬುದು ಎಲ್ಲರಿಗೂ ಗೊತ್ತಿದ್ದುದರಿಂದ ಉತ್ತರ ಹೇಳುವುದು ಸುಲಭವಾಗಿರಲಿಲ್ಲ.

ಮಿರಜಿನ ಕುಶಲಕರ್ಮಿಗಳು

ಉತ್ತರ ಕರ್ನಾಟಕದ ಯಾವ ಗವಾಯಿಯನ್ನು ಕೇಳಿದರೂ ತಂಬೂರಿಯ ತವರೂರು ಮಿರಜ್ ಎಂದೇ ಹೇಳುತ್ತಾನೆ. ಗಡಿಯಾಚೆಯ ಸಾಂಗಲಿ ಜಿಲ್ಲೆಗೆ ಸೇರಿದ್ದರೂ ಈ ಊರು ಕನ್ನಡ ಸಂಗೀತಗಾರರಿಗೆ ಹೊರಗಿನದಲ್ಲ. ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಅವರಲ್ಲಿ ಕಲಿತುದು ಮಿರಜಿನಲ್ಲಿ. ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಮ್ ಖಾನರು ನೆಲೆಸಿದುದೂ ಅಲ್ಲಿಯೇ. ಖಾನ್ ಸಾಹೇಬರು ಗಾಯಕರಷ್ಟೇ ಅಲ್ಲ. ತಂಬೂರಿಯ ರಿಪೇರಿಯನ್ನು ತಾವೇ ಕೈಯಾರೆ ಮಾಡಿಕೊಳ್ಳಬಲ್ಲ ಕುಶಲಿಗಳಾಗಿದ್ದರು.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮಿರಜಿನ ಶಿಕಲಗಾರ ಮನೆತನಗಳು ಕತ್ತಿ ಕಠಾರಿಗಳನ್ನು ಸಾಣೆ ಹಿಡಿದು ಜೀವಿಸುತ್ತಿದ್ದವು. ಸಂಸ್ಥಾನಗಳ ಸೇನೆಗಳು ಕರಗಿ ಆಯುಧಗಳಿಗೆ ಬೇಡಿಕೆ ಕುಗ್ಗಿತು. ಆಗ ಫರೀದ್ ಸಾಹೇಬರೆಂಬವರು ತಂತಿವಾದ್ಯಗಳ ರಿಪೇರಿಗೂ ಅನಂತರ ನಿರ್ಮಾಣಕ್ಕೂ ಕೈಹಾಕಿದರು. ಕತ್ತಿಯ ಅಲಗನ್ನು ನುಣುಪಾಗಿಸುತ್ತಿದ್ದ ಕೈಗಳು ತಂಬೂರಿಯ ಕುದುರೆಯನ್ನು ನುಣುಪಾಗಿಸತೊಡಗಿದವು. ಆ ವಂಶದ ಕವಲುಗಳವರು ‘ಸತಾರ್‌ಮೇಕರ್’ ಎಂಬ ಅಡ್ಡಹೆಸರಿನಿಂದ ಇಂದಿಗೂ ಅದೇ ವೃತ್ತಿಯಲ್ಲಿದ್ದಾರೆ. ೨೦೨೪ರಲ್ಲಿ ಮಿರಜಿನ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ತಂಬೂರಿಯ ಬುರುಡೆ ಅಂಗಡಿಯಲ್ಲಿ ಹುಟ್ಟುವುದಲ್ಲ, ಹೊಲದಲ್ಲಿ ಹುಟ್ಟುವುದು. ಪಂಢರಪುರ, ಮಂಗಳವೇಢೆಗಳ ಸುತ್ತಿನಲ್ಲಿ ಬೆಳೆಯುವ ಕಹಿಸೋರೆಯ ಭಾರಿ ಕಾಯಿಗಳನ್ನು ಇದಕ್ಕೆಂದೇ ಆರಿಸುತ್ತಾರೆ. ಬಸವಣ್ಣನವರು ಬಿಜ್ಜಳನ ಕರಣಿಕರಾಗಿದ್ದ ಅದೇ ಮಂಗಳವೇಢೆ! ಕಾಯಿಯನ್ನು ತಿಂಗಳುಗಟ್ಟಲೆ ಒಣಗಿಸಿ, ಕೊಯ್ದು, ತಿರುಳು ತೆಗೆದು, ನೀರಿನಲ್ಲಿ ನೆನೆಸಿ ಬಾಯಿಯನ್ನು ಹದವಾಗಿ ಅಗಲಿಸುತ್ತಾರೆ. ಅದಕ್ಕೆ ತೂಣ್ ಮರದ ಮುಚ್ಚಳ, ಅದೇ ಮರದ ಟೊಳ್ಳು ದಂಡಿ. ದಕ್ಷಿಣಾದಿಯ ತಂಬೂರಿಯ ರೀತಿ ಬೇರೆ. ಅದರ ಕೊಡ ಹಲಸಿನ ಮರದಲ್ಲಿ ಕಡೆದುದು. ಸೋರೆಯ ಬುರುಡೆ ಹಗುರ, ಆದರೆ ಹೊಡೆತಕ್ಕೆ ಒಡೆಯುವುದು. ಹಲಸು ಭಾರ, ಆದರೆ ಗಟ್ಟಿ.

ಹಾಗಾದರೆ ವಯಸ್ಸು ವಾದ್ಯಕ್ಕೆ ಏನು ಮಾಡುತ್ತದೆ? ಮರವು ವರ್ಷಗಳು ಕಳೆದಂತೆ ಚೆನ್ನಾಗಿ ಒಣಗಿ, ಗಾಳಿಯ ತೇವವನ್ನು ಕಡಿಮೆ ಹೀರುತ್ತದೆ. ಅಷ್ಟರಮಟ್ಟಿಗೆ ಹಳೆಯ ವಾದ್ಯದ ಸ್ವಭಾವ ಸ್ಥಿರ. ಹಳೆಯದರಲ್ಲಿ ಎಷ್ಟೋ ಸಲ ಮರವನ್ನು ಆರಿಸಿದ ತಾಳ್ಮೆಯೂ ಹೆಚ್ಚು. ಇವು ಅಕ್ಕಿಯ ಗುಣಗಳು. ಎಣ್ಣೆಯ ಗುಣಗಳೂ ಇವೆ: ತಂತಿಗಳ ಸೆಳೆತಕ್ಕೆ ಮುಚ್ಚಳ ಕುಗ್ಗುತ್ತದೆ, ದಂಡಿ ಬಾಗುತ್ತದೆ, ಬಿರಡೆಯ ರಂಧ್ರ ಸವೆದು ಜಾರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಕುದುರೆ ಸವೆಯುತ್ತದೆ. ತಂಬೂರಿಯ ಪ್ರಾಣವಿರುವುದು ಈ ಕುದುರೆಯಲ್ಲಿಯೇ.

ನೂಲೆಳೆಯ ಮಹಿಮೆ

ಪಿಟೀಲಿನ ಕುದುರೆ ಗೋಡೆಯ ಅಂಚಿನಂತೆ ತೆಳುವಾದುದು. ತಂಬೂರಿಯ ಕುದುರೆ ಹಾಗಲ್ಲ; ಅದು ಮಂಚದ ಮಣೆಯಂತೆ ಅಗಲ, ಮೇಲ್ಮೈ ಮಾತ್ರ ಕಣ್ಣಿಗೆ ಕಾಣದಷ್ಟು ಇಳಿಜಾರು. ತಂತಿ ಅದರ ಮೇಲೆ ಒರಗಿ ಮಲಗಿರುತ್ತದೆ. ತಂತಿಗೂ ಕುದುರೆಗೂ ನಡುವೆ ಒಂದು ಹತ್ತಿಯ ಅಥವಾ ರೇಷ್ಮೆಯ ಎಳೆಯನ್ನು ತೂರಿಸಿ ಹಿಂದೆ ಮುಂದೆ ಸರಿಸುತ್ತಾರೆ. ಎಳೆ ಸರಿಯಾದ ಸ್ಥಾನಕ್ಕೆ ಬಂದ ಕ್ಷಣ, ಅಲ್ಲಿಯವರೆಗೆ ಮೊಂಡಾಗಿ ‘ಟಂಯ್’ ಎನ್ನುತ್ತಿದ್ದ ತಂತಿ ಜೇನುಹುಳುಗಳ ಹಿಂಡಿನಂತೆ ಝೇಂಕರಿಸತೊಡಗುತ್ತದೆ. ಈ ಎಳೆಗೆ ನಮ್ಮವರು ‘ಜೀವಾಳ’ ಎಂದು ಹೆಸರಿಟ್ಟಿರುವುದು ಎಷ್ಟು ಅನ್ವರ್ಥಕ! ಹಿಂದುಸ್ತಾನಿಯವರು ಈ ಝೇಂಕಾರಕ್ಕೂ ಕುದುರೆಯ ಹದಕ್ಕೂ ‘ಜವಾರಿ’ ಎನ್ನುತ್ತಾರೆ. ನಮ್ಮ ಕಡೆ ಜವಾರಿ ಎಂದರೆ ನಾಟಿ ಎಂದರ್ಥ. ಜವಾರಿ ಮೆಣಸಿನಕಾಯಿ, ಜವಾರಿ ಬದನೆಕಾಯಿಗಳಂತೆ ಜವಾರಿಯುಳ್ಳ ತಂಬೂರಿಗೂ ಒಂದು ಬಗೆಯ ಘಾಟು ಇರುವುದರಿಂದ ಈ ಹೆಸರು ನಮ್ಮ ಕಿವಿಗೆ ಹೊಂದಿಕೊಂಡುಬಿಟ್ಟಿದೆ.

ಈ ಝೇಂಕಾರದ ರಹಸ್ಯವನ್ನು ವಿಜ್ಞಾನದ ಕಣ್ಣಿನಿಂದ ನೋಡಿದವರಲ್ಲಿ ಅಗ್ರಗಣ್ಯರು ಸರ್ ಸಿ. ವಿ. ರಾಮನ್. ಬೆಂಗಳೂರಿಗೆ ಬರುವ ಮೊದಲು, ಕಲ್ಕತ್ತೆಯಲ್ಲಿದ್ದಾಗಲೇ, ೧೯೨೧ರಲ್ಲಿ ಅವರು ಭಾರತೀಯ ತಂತಿವಾದ್ಯಗಳನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ತಂತಿಯೊಂದು ನುಡಿದಾಗ ಅದರ ಮೂಲಸ್ವರದ ಜೊತೆಗೆ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಉಪಸ್ವರಗಳೂ ಹುಟ್ಟುತ್ತವೆ. ತಂತಿಯನ್ನು ನಟ್ಟನಡುವೆ ಮೀಟಿದರೆ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲೇಬಾರದು ಎಂಬುದು ಪಾಶ್ಚಾತ್ಯ ವಿಜ್ಞಾನಿಗಳ ನಿಯಮ. ತಂಬೂರಿಯಲ್ಲಿಯೋ, ಆ ಬಾರದ ಅತಿಥಿಗಳೂ ಧಾರಾಳವಾಗಿ ಬಂದು ಕುಳಿತಿರುವುದನ್ನು ರಾಮನ್ನರು ಕಂಡರು. ಇಳಿಜಾರಿನ ಕುದುರೆಯೂ ನೂಲಿನ ಎಳೆಯೂ ಕೂಡಿ, ಕಂಪಿಸುವ ತಂತಿಯನ್ನು ಮತ್ತೆ ಮತ್ತೆ ಸವರಿ, ಮೂಲಸ್ವರದ ಶಕ್ತಿಯನ್ನು ಮೇಲಿನ ಉಪಸ್ವರಗಳಿಗೆ ಹಂಚುವುದೇ ಇದರ ಕಾರಣ. ಮಂದ್ರ ಷಡ್ಜವನ್ನು ಮೀಟಿ ಕಣ್ಣು ಮುಚ್ಚಿ ಕುಳಿತರೆ, ಯಾರೂ ನುಡಿಸದ ಗಾಂಧಾರವೊಂದು ಮೇಲೆ ತೇಲುವುದು ಕೇಳಿಸುತ್ತದೆ. ಅದು ಷಡ್ಜದ ಐದನೆಯ ಉಪಸ್ವರ. ಸಂಗೀತಗಾರರ ಸ್ವಯಂಭೂ ಗಾಂಧಾರ.

ಇಲ್ಲಿಗೆ ಒಂದು ವಿಷಯ ಸ್ಪಷ್ಟವಾಯಿತು. ವರ್ಷಗಟ್ಟಲೆ ಮೀಟಿಸಿಕೊಂಡ ತಂತಿಗಳು ಕುದುರೆಯ ಮೇಲೆ ಗೀರು ಕೊರೆಯುತ್ತವೆ. ಗೀರಿನೊಳಗೆ ಹೂತ ತಂತಿಗೆ ಇಳಿಜಾರೂ ಇಲ್ಲ, ನೂಲಿನ ಉಪಕಾರವೂ ಇಲ್ಲ, ನಾದ ಸಾಯುತ್ತದೆ. ಆಗ ಕುಶಲಕರ್ಮಿಯು ಅರದಿಂದ ಉಜ್ಜಿ ಹೊಸ ಇಳಿಜಾರನ್ನು ಹದಗೊಳಿಸಬೇಕು. ಇದಕ್ಕೇ ಜವಾರಿ ತೆಗೆಯುವುದೆನ್ನುತ್ತಾರೆ. ಹಿಂದೆ ಕುದುರೆಗೆ ಆನೆಯ ದಂತವನ್ನೂ ಜಿಂಕೆಯ ಕೊಂಬನ್ನೂ ಬಳಸುತ್ತಿದ್ದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ಮುಂದಿನ ತಿದ್ದುಪಡಿಗಳ ತರುವಾಯ ಮೂಳೆ, ಕರಿಮರ, ಕೃತಕ ವಸ್ತುಗಳು ಆ ಸ್ಥಾನಕ್ಕೆ ಬಂದಿವೆ. ಹಳೆಯ ವಾದ್ಯದ ನಾದಕ್ಕೂ ಹೊಸ ವಾದ್ಯದ ನಾದಕ್ಕೂ ಇರುವ ಅಂತರದಲ್ಲಿ ಬುರುಡೆಯ ವಯಸ್ಸಿಗಿಂತ ಕುದುರೆಯ ವಸ್ತು ಮತ್ತು ಹದಗಳ ಪಾಲೇ ದೊಡ್ಡದು.

ಪೆಟ್ಟಿಗೆಯೊಳಗಿನ ತಂಬೂರಿ

ಇನ್ನು ಹೊಸದರಲ್ಲಿ ಹೊಸದಾದ ತಂಬೂರಿಯ ಮಾತು. ಇದರ ಜನ್ಮಸ್ಥಳ ನಮ್ಮ ಬೆಂಗಳೂರು ಎಂಬುದು ಅನೇಕರಿಗೆ ತಿಳಿಯದು. ಇಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯು ೧೯೭೯ರಲ್ಲಿ ಮದ್ರಾಸಿನ ಸಂಗೀತ ಸಮ್ಮೇಳನದಲ್ಲಿ ಮೊದಲು ಪ್ರದರ್ಶಿತವಾಯಿತು. ಅವರ ರೇಡೆಲ್ ಸಂಸ್ಥೆಯ ಪೆಟ್ಟಿಗೆಗಳು ಮುಂದೆ ದೇಶವಿದೇಶಗಳ ಸಂಗೀತಶಾಲೆಗಳನ್ನು ಹೊಕ್ಕವು. ಮೊದಮೊದಲು ವಿದ್ಯುನ್ಮಂಡಲಗಳೇ ನಾದವನ್ನು ಹುಟ್ಟಿಸುತ್ತಿದ್ದವು. ಅನಂತರ ನಿಜವಾದ ತಂಬೂರಿಯ ಧ್ವನಿಯನ್ನೇ ಮುದ್ರಿಸಿ ಪೆಟ್ಟಿಗೆಯೊಳಗೆ ತುಂಬುವ ಕ್ರಮ ಬಂದಿತು. ಈಗ ಅಂಗೈಯಗಲದ ಫೋನಿನಲ್ಲಿಯೂ ತಂಬೂರಿ ನುಡಿಯುತ್ತದೆ.

ಹೊಸದನ್ನು ಕಂಡೊಡನೆ ಮೂಗು ಮುರಿಯುವುದು ವಿವೇಕವಲ್ಲ. ಹಾರ್ಮೋನಿಯಂ ನಮ್ಮ ಶ್ರುತಿಗಳಿಗೆ ಹೊಂದದೆಂದು ಆಕಾಶವಾಣಿಯು ೧೯೪೦ರಿಂದ ೧೯೭೧ರವರೆಗೆ ಅದಕ್ಕೆ ಬಾಗಿಲು ಮುಚ್ಚಿತ್ತು. ಆ ಅವಧಿಯಲ್ಲಿಯೂ ಅದು ನಮ್ಮ ಭಜನೆಯ ಮನೆಗಳಿಂದ ಕದಲಲಿಲ್ಲ. ಪೆಟ್ಟಿಗೆ ತಂಬೂರಿಯ ಉಪಕಾರಗಳು ನಿಜವಾದವು. ಒಬ್ಬಂಟಿಯಾಗಿ ಸಾಧನೆ ಮಾಡುವ ವಿದ್ಯಾರ್ಥಿಗೆ ಹಿಂದೆ ಕುಳಿತು ಮೀಟುವವರು ಬೇಕಿಲ್ಲ. ಬಸ್ಸಿನಲ್ಲಿ ಒಯ್ಯಬಹುದು. ಕಾಳಿ ಒಂದರಿಂದ ಕಾಳಿ ಐದಕ್ಕೆ ಗುಂಡಿ ತಿರುಗಿಸಿದೊಡನೆ ಏರಬಹುದು.

ದೋಷಗಳೂ ನಿಜವಾದವೇ. ಗಂಡಸರ ಶ್ರುತಿಯಲ್ಲಿ, ಎಂದರೆ ಕಾಳಿ ಒಂದರಲ್ಲಿ, ಮಂದ್ರ ಷಡ್ಜವು ಸೆಕೆಂಡಿಗೆ ಸುಮಾರು ೭೦ ಕಂಪನಗಳ ನಾದ. ಅಂಗೈಯಗಲದ ಸ್ಪೀಕರು ಅಷ್ಟು ತಗ್ಗಿನ ನಾದವನ್ನು ಹೊರಡಿಸಲಾರದು. ಮೇಲಿನ ಉಪಸ್ವರಗಳು ಕೇಳಿದಾಗ ನಮ್ಮ ಕಿವಿ ಮೂಲವನ್ನು ತಾನೇ ಊಹಿಸಿಕೊಳ್ಳುವುದರಿಂದ ಸ್ವರವೇನೋ ತಿಳಿಯುತ್ತದೆ. ಎದೆಗೆ ತಾಕುವ ಗಾಂಭೀರ್ಯ ಮಾತ್ರ ಇರುವುದಿಲ್ಲ. ಎರಡನೆಯದು, ಪುನರುಕ್ತಿ. ಬೆರಳು ಮೀಟಿದ ನಾಲ್ಕು ತಂತಿಗಳು ಎರಡು ಸುತ್ತಿನಲ್ಲಿ ಎಂದಿಗೂ ಪೂರ್ತಿ ಒಂದೇ ಆಗಿರುವುದಿಲ್ಲ. ಪೆಟ್ಟಿಗೆಯಲ್ಲಿ ನೂರನೆಯ ಸುತ್ತೂ ಮೊದಲ ಸುತ್ತಿನ ಪಡಿಯಚ್ಚು. ಅರ್ಧ ಗಂಟೆಯಲ್ಲಿ ಕಿವಿ ಅದನ್ನು ಕೇಳುವುದನ್ನೇ ಬಿಡುತ್ತದೆ.

ಕಡಲಾಚೆಯ ಹನ್ನೆರಡು ತಂತಿ

ಈ ಜಗಳ ನಮ್ಮದೊಂದೇ ಎಂದು ತಿಳಿಯಬೇಕಾಗಿಲ್ಲ. ಅಮೆರಿಕದ ರಿಕನ್‌ಬ್ಯಾಕರ್ ಸಂಸ್ಥೆ ಹನ್ನೆರಡು ತಂತಿಗಳ ವಿದ್ಯುತ್ ಗಿಟಾರನ್ನು ತಯಾರಿಸಿತು. ೧೯೬೪ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಅದನ್ನು ಕೈಗೆತ್ತಿಕೊಂಡಾಗ ಅದರ ನಾದ ಜಗತ್ತಿಗೆಲ್ಲ ಪರಿಚಯವಾಯಿತು. ಹ್ಯಾರಿಸನ್ ಮುಂದೆ ರವಿಶಂಕರರ ಶಿಷ್ಯರಾದುದು ಎಲ್ಲರಿಗೂ ತಿಳಿದಿದೆ. ಈ ಗಿಟಾರಿನಲ್ಲಿ ಆರು ಜೋಡಿ ತಂತಿಗಳು. ಕೆಳಗಿನ ನಾಲ್ಕು ಜೋಡಿಗಳಲ್ಲಿ ಒಂದು ತಂತಿ ಮತ್ತೊಂದಕ್ಕಿಂತ ಒಂದು ಸ್ಥಾಯಿ ಮೇಲೆ. ಉಳಿದೆರಡು ಜೋಡಿಗಳಲ್ಲಿ ಎರಡೂ ಸಮ. ಜೋಡಿ ತಂತಿಗಳು ಕೂದಲೆಳೆಯಷ್ಟು ಬೇರೆಯಾಗಿ ನುಡಿಯುವುದರಿಂದ ಹುಟ್ಟುವ ಮಿನುಗೇ ಅದರ ಸೊಗಸು. ನಮ್ಮ ತಂಬೂರಿಯ ನಡುವಣ ಜೋಡಿ ತಂತಿಗಳನ್ನು ಬಲ್ಲವರಿಗೆ ಈ ಸೊಗಸು ಹೊಸದಲ್ಲ.

ಅರವತ್ತರ ದಶಕದ ಆ ಗಿಟಾರುಗಳನ್ನು ಸಂಗ್ರಹಕಾರರು ಈಗ ಭಾರಿ ಬೆಲೆ ತೆತ್ತು ಕೊಳ್ಳುತ್ತಾರೆ. ಆದರೆ ನುಡಿಸುವವರ ದೂರು ಬೇರೆ: ಅದರ ಕತ್ತು ಇಕ್ಕಟ್ಟು, ಹನ್ನೆರಡು ತಂತಿಗಳ ನಡುವೆ ಬೆರಳಿಡಲು ಎಡೆಯಿಲ್ಲ. ಹಳೆಯ ಕುದುರೆಯಲ್ಲಿ ಒಂದು ಜೋಡಿಗೆ ಒಂದೇ ಆಸರೆ ಇದ್ದುದರಿಂದ, ದಪ್ಪ ತಂತಿಗೆ ಸರಿಮಾಡಿದರೆ ತೆಳು ತಂತಿ ತಪ್ಪುತ್ತಿತ್ತು. ೧೯೬೫ರಲ್ಲಿ ಫೆಂಡರ್ ಸಂಸ್ಥೆಯ ಹನ್ನೆರಡು ತಂತಿಯ ಗಿಟಾರು ಪ್ರತಿಯೊಂದು ತಂತಿಗೂ ಬೇರೆ ಆಸರೆಯನ್ನು ಕೊಟ್ಟಿತು; ಅನಂತರ ರಿಕನ್‌ಬ್ಯಾಕರಿಗೂ ಅಂಥ ಕುದುರೆ ಒದಗಿತು. ಹೊಸದರಲ್ಲಿ ಶ್ರುತಿ ಹೆಚ್ಚು ಶುದ್ಧ, ಕೈಗೆ ಹೆಚ್ಚು ಹಿತ. ಆದರೂ ಹಳೆಯದರ ಅಭಿಮಾನಿಗಳು ಆ ಅಲ್ಪ ಅಶುದ್ಧಿಯಲ್ಲಿಯೇ ರಸವಿದೆ ಎನ್ನುತ್ತಾರೆ! ಅಲ್ಲಿಯೂ ವಿವಾದ ಕಡೆಗೆ ಬಂದು ನಿಲ್ಲುವುದು ಕುದುರೆಯ ಮೇಲೆಯೇ ಎಂಬುದನ್ನು ವಾಚಕರು ಗಮನಿಸಬೇಕು.

ಪಿಟೀಲಿನ ಲೋಕದಲ್ಲಿ ಈ ಪ್ರಶ್ನೆಯನ್ನು ಪರೀಕ್ಷೆಗೇ ಒಡ್ಡಿದ್ದಾರೆ. ಇಟಲಿಯ ಸ್ಟ್ರಾಡಿವೇರಿಯ ಮುನ್ನೂರು ವರ್ಷದ ಪಿಟೀಲುಗಳಿಗೆ ಸಮವಿಲ್ಲವೆಂಬುದು ಲೋಕರೂಢಿ. ೨೦೧೨ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ೨೧ ವಾದಕರಿಗೆ ಕಪ್ಪು ಕನ್ನಡಕ ತೊಡಿಸಿ, ಮೂರು ಪುರಾತನ ಮತ್ತು ಮೂರು ಹೊಸ ಪಿಟೀಲುಗಳನ್ನು ಕೈಗಿತ್ತರು. ಅತ್ಯಂತ ಮೆಚ್ಚುಗೆ ಪಡೆದುದು ಹೊಸದೊಂದು. ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದುದು ಸ್ಟ್ರಾಡಿವೇರಿ! ೨೦೧೪ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿಯೂ ಹತ್ತು ಮಂದಿ ಪ್ರಸಿದ್ಧ ವಾದಕರಲ್ಲಿ ಆರು ಮಂದಿ ಹೊಸದನ್ನೇ ಆರಿಸಿದರು. ಕಣ್ಣಿಗೆ ವಯಸ್ಸು ಕಾಣುತ್ತದೆ. ಕಿವಿಗೆ ಕೇಳಿಸುವುದು ಹದ ಮಾತ್ರ.

ಪರದೆಯ ಹಿಂದಿನ ಪರೀಕ್ಷೆ

ಈ ಪ್ರಯೋಗಗಳ ವಿಷಯ ಓದಿದ್ದ ನನಗೆ ನಮ್ಮ ಊರಿನಲ್ಲಿಯೂ ಇಂಥದೊಂದನ್ನು ಏಕೆ ಮಾಡಬಾರದೆನಿಸಿತು. ಒಂದು ಸಂಜೆ ಭಜನೆಯ ಮನೆಯಲ್ಲಿ ಧೋತರವೊಂದನ್ನು ಅಡ್ಡಲಾಗಿ ಕಟ್ಟಿದೆವು. ಅದರ ಹಿಂದೆ ಮಂಡಳಿಯ ಹಳೆಯ ತಂಬೂರಿ, ರಾಯಚೂರಿನ ಸಂಗೀತ ಶಿಕ್ಷಕರೊಬ್ಬರಿಂದ ಕಡ ತಂದ ಮಿರಜಿನ ಹೊಸ ತಂಬೂರಿ, ಮತ್ತು ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಮೂರನ್ನೂ ಒಂದೇ ಶ್ರುತಿಗೆ ತಂದು ಒಂದೊಂದಾಗಿ ನುಡಿಸಲಾಯಿತು. ಫಲಿತಾಂಶ ಹಳೆಯದರ ಅಭಿಮಾನಿಗಳಿಗೆ ಕಹಿಯಾಯಿತು. ಹೆಚ್ಚಿನವರು ಹೊಸ ತಂಬೂರಿಯನ್ನೂ ಪೆಟ್ಟಿಗೆಯನ್ನೂ ಮೆಚ್ಚಿದರು. ಹಳೆಯದನ್ನು ಕೇಳಿ, ‘ಇದೇ ಪೆಟಗಿ ಇರಬೇಕ್ರಿ ಮಾಸ್ತರ್ರ, ಜೀವಾನ ಇಲ್ಲ’ ಎಂದರು. ಪರದೆ ಸರಿದಾಗ ವೃದ್ಧರು ತಲೆ ತಗ್ಗಿಸಿದರು.

ಆದರೆ ಕುದುರೆಯ ಮೇಲಿನ ಗೀರುಗಳನ್ನು ಕಂಡಿದ್ದ ನಾನು, ತೀರ್ಪನ್ನು ಸ್ವಲ್ಪ ತಡೆಹಿಡಿಯಬೇಕೆಂದು ಮಂಡಳಿಯವರನ್ನು ಒಪ್ಪಿಸಿ ತಂಬೂರಿಯನ್ನು ಮಿರಜಿಗೆ ಹೊತ್ತೊಯ್ದೆ. ಅಲ್ಲಿಯ ಕುಶಲಕರ್ಮಿ ಬುರುಡೆಯನ್ನು ಬೆರಳಿನಿಂದ ತಟ್ಟಿ ನೋಡಿ, ಬಿರುಕಿಗೆ ಒಳಗಿನಿಂದ ಪಟ್ಟಿ ಹಾಕಿ, ಬಿರಡೆಗಳನ್ನು ಸರಿಪಡಿಸಿ, ಕಡೆಗೆ ಕುದುರೆಯನ್ನು ಉಜ್ಜತೊಡಗಿದನು. ನಾಲ್ಕು ಸಲ ಉಜ್ಜುವುದು, ತಂತಿ ಏರಿಸುವುದು, ಮೀಟುವುದು, ಕಿವಿಗೊಡುವುದು, ಮತ್ತೆ ಇಳಿಸಿ ಉಜ್ಜುವುದು. ಅಳತೆಯ ಉಪಕರಣವೊಂದೂ ಇಲ್ಲ. ಸಂಜೆಯ ಹೊತ್ತಿಗೆ ಅದು ಬೇರೆಯೇ ವಾದ್ಯವಾಗಿತ್ತು.

ಧೋತರವನ್ನು ಮತ್ತೆ ಕಟ್ಟಿದೆವು. ಈ ಸಲ ಹಳೆಯ ಮತ್ತು ಹೊಸ ತಂಬೂರಿಗಳಲ್ಲಿ ಯಾವುದು ಯಾವುದೆಂದು ಹೆಚ್ಚಿನವರಿಗೆ ಹೇಳಲಾಗಲಿಲ್ಲ. ಪೆಟ್ಟಿಗೆ ಮಾತ್ರ ಪ್ರತ್ಯೇಕವಾಗಿ ನಿಂತಿತು. ವೃದ್ಧರು ಮಂದ್ರ ಷಡ್ಜವನ್ನು ಕೇಳಿದೊಡನೆ ‘ಹಾಂ, ಇದು ನಮ್ಮದು’ ಎಂದರು. ಅಲ್ಲಿಯೇ ಕುಳಿತಿದ್ದ, ರಾಯಚೂರಿಗೆ ಹೋಗಿ ಹಾಡು ಕಲಿಯುವ ಹುಡುಗಿಯೊಬ್ಬಳು, ‘ತಾತಾ, ಮ್ಯಾಲೆ ಗಾಂಧಾರ ಕೇಳಸಾಕತ್ತೈತಿ’ ಎಂದಳು. ‘ಅದನ್ನ ಕೇಳಿದಾಕಿ ನೀನು ಒಬ್ಬಾಕಿ, ಯವ್ವಾ. ಬಾ, ಬಿರಡಿ ತಿರುವೋದು ಕಲಿ. ನನ್ನ ಕೈಲೆ ಇನ್ನ ಆಗಂಗಿಲ್ಲ’ ಎಂದರು ಅವರು. ಮಂಡಳಿಯ ನಿರ್ಧಾರ ಅಲ್ಲಿಗೆ ಆಯಿತೆನ್ನಬಹುದು. ರಿಪೇರಿಗೆ ಹೋಗಿ ಉಳಿದ ಹಣವನ್ನು ಪೆಟ್ಟಿಗೆಗೆಂದು ಎತ್ತಿಟ್ಟರು. ಪರಸ್ಥಳದ ಭಜನೆಗಳಿಗೆ ಅದು ಬೇಕೇ ಬೇಕು. ಊರಿನ ಭಜನೆಗೆ ಮಾತ್ರ ಹಳೆಯದು, ಅದನ್ನು ಶ್ರುತಿ ಮಾಡುವವಳು ಆ ಹುಡುಗಿ.

ನುಡಿಸುವ ಕೈಗೆ ಯಾವುದು ಹಿತ?

ನಾದದ ಮಾತು ಇಷ್ಟಾಯಿತು. ನುಡಿಸುವ ಸೌಕರ್ಯದ ದೃಷ್ಟಿಯಿಂದ ನೋಡಿದರೆ ಹೊಸದರ ಪಕ್ಷ ಬಲವಾಗಿದೆ. ಗಂಡಸರ ಶ್ರುತಿಯ ದೊಡ್ಡ ತಂಬೂರಿ ಆಳೆತ್ತರದ ವಾದ್ಯ. ಬಸ್ಸಿನಲ್ಲಿ ಅದಕ್ಕೊಂದು ಟಿಕೆಟ್ಟು, ಅದನ್ನು ಕಾಯಲು ಮತ್ತೊಬ್ಬರ ಟಿಕೆಟ್ಟು. ಈಗ ಬುರುಡೆಯಿಲ್ಲದೆ ಚಪ್ಪಟೆಯಾದ ಮರದ ಒಡಲಿನ ಸಣ್ಣ ತಂಬೂರಿಗಳೂ ದೊರೆಯುತ್ತವೆ. ನಾದ ಸ್ವಲ್ಪ ಕಿರಿದು, ಪ್ರಯಾಣ ನಿರಾತಂಕ.

ಬಿಸಿಲಿನ ಮಾತಂತೂ ರಾಯಚೂರು ಸೀಮೆಯವರಿಗೆ ಬೇರೆ ಹೇಳಬೇಕಿಲ್ಲ. ಲೋಹವು ಕಾದಾಗ ಹಿಗ್ಗುತ್ತದೆ. ಹಿಗ್ಗಿದ ತಂತಿಯ ಬಿಗಿ ಸಡಿಲಿ ಶ್ರುತಿ ಇಳಿಯುತ್ತದೆ. ತಂಬೂರಿಯ ಮೇಲಿನ ತಂತಿಗಳು ಉಕ್ಕಿನವು, ಮಂದ್ರದ್ದು ಹಿತ್ತಾಳೆಯದು. ಒಂದೇ ಬಿಸಿಗೆ ಹಿತ್ತಾಳೆಯು ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುವುದರಿಂದ ನಾಲ್ಕು ತಂತಿಗಳೂ ಒಂದೇ ಸಮನೆ ಇಳಿಯುವುದಿಲ್ಲ. ಮಂದ್ರ ಷಡ್ಜ ಎಲ್ಲಕ್ಕಿಂತ ಮೊದಲು ಕೈಕೊಡುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಕೂಡಿಸಿದ ಶ್ರುತಿ ರಾತ್ರಿಯ ಭಜನೆಗೆ ಇರುವುದಿಲ್ಲ ಎಂಬ ದೂರಿಗೆ ಕಾರಣವಿದು. ಪೆಟ್ಟಿಗೆಗೆ ಈ ಕಷ್ಟವಿಲ್ಲ. ಆದರೆ ಈ ಕಷ್ಟದಲ್ಲಿಯೇ ಒಂದು ಶಿಕ್ಷಣವಿದೆ. ದಿನವೂ ಕೆಡುವ ಶ್ರುತಿಯನ್ನು ದಿನವೂ ಕೂಡಿಸುವವನ ಕಿವಿ, ಎರಡು ಷಡ್ಜಗಳ ನಡುವೆ ತೂಗುವ ಅಲೆಯನ್ನು ಗುರುತಿಸುವುದನ್ನೂ, ಅದು ನಿಧಾನವಾಗುತ್ತ ಬಂದು ನಿಶ್ಚಲವಾಗುವ ಕ್ಷಣವನ್ನು ಹಿಡಿಯುವುದನ್ನೂ ಕಲಿಯುತ್ತದೆ. ಗುಂಡಿ ಒತ್ತಿ ಹಾಡುವ ಮಗುವಿಗೆ ಸಿದ್ಧವಾದ ಷಡ್ಜ ದೊರೆಯುತ್ತದೆ. ಷಡ್ಜವನ್ನು ಹುಡುಕುವ ವಿದ್ಯೆ ದೊರೆಯುವುದಿಲ್ಲ.

ಕೊಳ್ಳುವವರಿಗೆ ನಾಲ್ಕು ಮಾತು

ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಸುವ ತಂದೆತಾಯಿಗಳು ತಂಬೂರಿ ಕೊಳ್ಳುವ ಮುನ್ನ ಕೆಲವು ಸಂಗತಿಗಳನ್ನು ಗಮನಿಸುವುದು ಒಳ್ಳೆಯದು. ಅಟ್ಟದ ಮೇಲೆ ಅಜ್ಜನ ಕಾಲದ ತಂಬೂರಿಯಿದ್ದರೆ ಅದನ್ನು ಮಾರುವ ಅಥವಾ ಎಸೆಯುವ ಮೊದಲು ಬಲ್ಲವರಿಗೆ ತೋರಿಸಿರಿ. ದಂಡಿ ನೆಟ್ಟಗಿದ್ದು ಬುರುಡೆ ಪೂರ್ತಿ ಒಡೆಯದಿದ್ದರೆ, ಮಂಕಾದ ನಾದಕ್ಕೆ ಕುದುರೆಯೇ ಕಾರಣವಾಗಿರುವ ಸಂಭವ ಹೆಚ್ಚು. ಅದು ರಿಪೇರಿಯಾಗುವ ದೋಷ. ದಂಡಿ ಬಾಗಿ ಮುಚ್ಚಳ ಕುಸಿದಿದ್ದರೆ, ಹಳೆಯದೆಂಬ ಮಮತೆಗಾಗಿ ಹಣ ಸುರಿಯುವುದಕ್ಕಿಂತ ಹೊಸದನ್ನು ಕೊಳ್ಳುವುದೇ ಮೇಲು.

ಹೊಸದನ್ನು ಕೊಳ್ಳುವಾಗ ಹೊಳಪನ್ನೂ ಕೆತ್ತನೆಯನ್ನೂ ಆಮೇಲೆ ನೋಡಿರಿ. ಮೊದಲು ಕಣ್ಣು ಮುಚ್ಚಿ ಮಂದ್ರ ಷಡ್ಜವನ್ನು ಮೀಟಿ ಕೇಳಿರಿ. ನಾದ ಎಷ್ಟು ಹೊತ್ತು ನಿಲ್ಲುತ್ತದೆ, ಮೇಲಿನ ಗಾಂಧಾರ ತೇಲುತ್ತದೆಯೇ, ನಾಲ್ಕೂ ತಂತಿಗಳ ಝೇಂಕಾರ ಒಂದೇ ಬಗೆಯದಾಗಿದೆಯೇ ಎಂಬುದನ್ನು ಪರೀಕ್ಷಿಸಿರಿ. ಬಿರಡೆಗಳು ತಿರುವಿದಲ್ಲಿ ನಿಲ್ಲಬೇಕು. ಮಗುವಿನ ಶ್ರುತಿಗೆ ತಕ್ಕ ಉದ್ದದ ವಾದ್ಯವನ್ನೇ ಆರಿಸಿರಿ. ಗಂಡಸರ ತಂಬೂರಿಯನ್ನು ಹುಡುಗಿಯರ ಶ್ರುತಿಗೆ ಏರಿಸಹೋದರೆ ತಂತಿ ಹರಿಯುವುದು ಖಂಡಿತ. ಬಳಸದ ದಿನಗಳಲ್ಲಿ ತಂತಿಗಳನ್ನು ಸ್ವಲ್ಪ ಸಡಿಲಿಸಿ, ಬಿಸಿಲೂ ತೇವವೂ ತಾಕದ ಮೂಲೆಯಲ್ಲಿ ಗವಸು ಹಾಕಿಡಬೇಕು. ಪೆಟ್ಟಿಗೆಯನ್ನು ಕೊಂಡರೆ ಅದಕ್ಕೊಂದು ಒಳ್ಳೆಯ ದೊಡ್ಡ ಸ್ಪೀಕರನ್ನು ಜೋಡಿಸಿರಿ. ನಾದದ ಅರ್ಧ ದಾರಿದ್ರ್ಯ ಅದರಿಂದಲೇ ಹೋಗುತ್ತದೆ.

ಹೀಗೆ ನ್ಯಾಯ ಹೇಳುವುದಾದರೆ ಹಳೆಯದಕ್ಕೂ ಗೆಲುವಿಲ್ಲ, ಹೊಸದಕ್ಕೂ ಸೋಲಿಲ್ಲ. ವಾದ್ಯ ಯಾವ ವರ್ಷದ್ದೆಂಬುದಕ್ಕಿಂತ, ಅದರ ಕುದುರೆಯನ್ನು ಹದಗೊಳಿಸುವ ಕೈ ಮಿರಜಿನಲ್ಲಿಯೂ ಅದರ ಬಿರಡೆಯನ್ನು ತಿರುವುವ ಕಿವಿ ನಮ್ಮ ಮನೆಯಲ್ಲಿಯೂ ಇದೆಯೇ ಎಂಬುದು ದೊಡ್ಡ ಪ್ರಶ್ನೆ. ಕೈ ಕೆಲಸವನ್ನು ಮಿರಜಿನ ಮನೆತನಗಳು ಕೆಲವು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿವೆ. ಕಿವಿಯನ್ನು ಕಾಪಾಡುವ ಕೆಲಸ ಮಾತ್ರ ಪ್ರತಿಯೊಂದು ಮನೆಗೂ ಸೇರಿದ್ದು; ಅದಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು.